ಸಿಯೆನಾ ಸುತ್ತ ಐದು ದಿನ ಸೈಕಲ್ ಸವಾರಿ: ದಿನಕ್ಕೆ 120 ಕಿ.ಮೀ. ಆದೀತೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳ ಮೊದಲ ವಾರ ನಾವು ನಾಲ್ವರು ಗೆಳೆಯರು ಇಟಲಿಯ ಟಸ್ಕನಿಗೆ ಹೊರಟಿದ್ದೇವೆ. ಮೂರು ವರ್ಷ ದುಡ್ಡು ಕೂಡಿಟ್ಟು, ರಜೆ ಹೊಂದಿಸಿಕೊಂಡು, ಕೊನೆಗೂ ಟಿಕೆಟ್ ಆಗಿದೆ. ಸಿಯೆನಾದಲ್ಲಿ ಒಂದೇ ಕಡೆ ಉಳಿದುಕೊಂಡು ದಿನವೂ ಒಂದೊಂದು ದಿಕ್ಕಿಗೆ ಹೋಗಿ ಬರುವುದು ಯೋಜನೆ. ಮೊದಲ ದಿನ ಕಿಯಾಂತಿ ಗುಡ್ಡಗಳು, ಅಂದರೆ ಗಾಯೊಲೆ, ರಾದ್ದಾ, ಕಾಸ್ಟೆಲ್ಲಿನಾ. ಆಮೇಲೆ ಅಶಾನೊ, ಮೊಂತಾಲ್ಚಿನೊ, ಸಾನ್ ಜಿಮಿನ್ಯಾನೊ. ಕೊನೆಯ ದಿನ ಗ್ರೇವೆವರೆಗೆ ಹೋಗಿ ವಾಪಸು. ದಿನಕ್ಕೆ 120 ಕಿ.ಮೀ. ಎಂದು ಲೆಕ್ಕ ಹಾಕಿದ್ದೇವೆ.

ನಾವು ಭಾನುವಾರ ತಪ್ಪದೆ ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಹೋಗಿ ಬರುವವರು. ಆಗುಂಬೆಯ ಹದಿನಾಲ್ಕು ತಿರುವುಗಳನ್ನೂ ಕಾಲು ನೆಲಕ್ಕೆ ಊರದೆ ಹತ್ತಿದ್ದೇವೆ. ನಕ್ಷೆಯಲ್ಲಿ ನೋಡಿದರೆ ಕಾಸ್ಟೆಲ್ಲಿನಾ 578 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ನನ್ನೂರು ಶಿವಮೊಗ್ಗದಷ್ಟೇ. ಹಾಗಾದರೆ 120 ಆಗಬಹುದಲ್ಲವೇ? ಇನ್ನೆರಡು ಪ್ರಶ್ನೆ: ಸೈಕಲ್ ಇಲ್ಲಿಂದಲೇ ಒಯ್ಯಬೇಕೇ, ಅಲ್ಲಿ ಬಾಡಿಗೆಗೆ ಪಡೆಯಬಹುದೇ? ಅಲ್ಲಿನ ಬಿಳಿ ಮಣ್ಣು ರಸ್ತೆಗಳಲ್ಲಿ 25 ಮಿ.ಮೀ. ಟೈರು ನಡೆಯುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಆರ್ನೋದಂಡೆ

ತುಂಗಾತೀರ ಅವರೇ, ನೀವು ಬರುತ್ತಿರುವುದು ಸಂತೋಷ. ನಾನು ಒಂಬತ್ತು ವರ್ಷದಿಂದ ಫ್ಲಾರೆನ್ಸ್‌ನಲ್ಲಿದ್ದೇನೆ, ವಾರದ ಕೊನೆಗಳೆಲ್ಲ ಈ ಗುಡ್ಡಗಳಲ್ಲೇ ಕಳೆದಿವೆ. 120 ಬೇಡ. 75ಕ್ಕೆ ಇಳಿಸಿ.

ಶಿವಮೊಗ್ಗದಷ್ಟೇ ಎತ್ತರ ಎಂದಿರಿ. ನಿಜ. ಆದರೆ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವಾಗ ಏಳೆಂಟು ಕಿ.ಮೀ.ಗೊಮ್ಮೆ ನೂರೈವತ್ತು ಮೀಟರ್ ಇಳಿದು, ಮತ್ತೆ ಅಷ್ಟನ್ನೂ ಹತ್ತಬೇಕಾದರೆ ಹೇಗಿರುತ್ತದೆ ಎಂದು ನೆನೆಸಿಕೊಳ್ಳಿ. ಇಲ್ಲಿ ಊರುಗಳೆಲ್ಲ ಗುಡ್ಡದ ನೆತ್ತಿಯ ಮೇಲಿವೆ. ಶತ್ರುಗಳ ಕಾವಲಿಗೆಂದು, ತಗ್ಗಿನ ಜೌಗಿನಿಂದಲೂ ಚಳಿಜ್ವರದಿಂದಲೂ ದೂರವಿರಲೆಂದು ಹಿಂದಿನವರು ಮೇಲೆಯೇ ಕಟ್ಟಿಕೊಂಡರು. ರಸ್ತೆ ಒಂದು ನೆತ್ತಿಯಿಂದ ಹಳ್ಳಕ್ಕೆ ಧುಮುಕುತ್ತದೆ, ಕಿರಿದಾದ ಸೇತುವೆ ದಾಟಿ ಇನ್ನೊಂದು ನೆತ್ತಿಗೆ ಏರುತ್ತದೆ. ಇಳಿಯುವಾಗ ಗಳಿಸಿದ ವೇಗವನ್ನು ಸೇತುವೆಯ ತಿರುವಿನಲ್ಲೇ ಬ್ರೇಕಿಗೆ ಒಪ್ಪಿಸಬೇಕು. ಏರು ಶುರುವಾಗುವ ಹೊತ್ತಿಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಕಿಯಾಂತಿಯಲ್ಲಿ 100 ಕಿ.ಮೀ. ಸುತ್ತಿದರೆ 1,800 ಮೀಟರ್ ಏರು ಸುಲಭವಾಗಿ ಸೇರುತ್ತದೆ. ಅಂದರೆ ನಂದಿಯನ್ನು ಒಂದೇ ದಿನ ನಾಲ್ಕು ಸಲ ಹತ್ತಿದ ಹಾಗೆ. ನಂದಿಯಲ್ಲಿ ಒಮ್ಮೆ ಲಯ ಹಿಡಿದರೆ ಮೇಲಿನವರೆಗೂ ಅದೇ ಲಯ. ಇಲ್ಲಿ ಲಯ ಸಿಕ್ಕಿತು ಎನ್ನುವಷ್ಟರಲ್ಲಿ ಏರು ಮುಗಿಯುತ್ತದೆ, ಇಳಿಯುವಾಗ ಮೈ ಬೆವರು ಆರಿ ತೊಡೆ ತಣ್ಣಗಾಗುತ್ತದೆ, ತಣ್ಣಗಾದ ತೊಡೆಯಿಂದಲೇ ಮುಂದಿನ ಏರು ತುಳಿಯಬೇಕು. ಮೂರನೆಯ ದಿನ ಇದರ ಬಿಸಿ ತಟ್ಟುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಸಿಯೆನಾದ ಈಶಾನ್ಯಕ್ಕೆ ಲೆ ತೋಲ್ಫೆ ಎಂಬ ಬಿಳಿ ರಸ್ತೆಯ ತುಂಡಿದೆ. ಉದ್ದ ಬರೀ 1.1 ಕಿ.ಮೀ. ಮೊದಲು ಕಡಿದಾಗಿ ಇಳಿದು, ಆಮೇಲೆ ಎದುರಿನ ದಿಬ್ಬಕ್ಕೆ ಗೋಡೆಯಂತೆ ಏರುತ್ತದೆ. ಕೆಲವು ಕಡೆ ಏರು ಶೇ. 18. ಎದ್ದು ನಿಂತು ತುಳಿದರೆ ಹಿಂದಿನ ಚಕ್ರದ ಮೇಲೆ ಭಾರ ಕಡಿಮೆಯಾಗಿ ಟೈರು ಜಲ್ಲಿಯಲ್ಲಿ ಸುಮ್ಮನೆ ತಿರುಗುತ್ತದೆ. ಕೂತೇ ತುಳಿದರೆ ಮುಂದಿನ ಚಕ್ರ ಹಗುರಾಗಿ ಅತ್ತಿತ್ತ ಅಲೆಯುತ್ತದೆ. ಸೀಟಿನ ಮುಂದಿನ ತುದಿಗೆ ಸರಿದು, ಮೊಣಕೈ ಬಗ್ಗಿಸಿ, ಎದೆಯನ್ನು ಹ್ಯಾಂಡಲಿನ ಹತ್ತಿರ ತಂದು, ಒಂದೊಂದು ತುಳಿತವನ್ನೂ ದುಂಡಗೆ ಹಾಕಬೇಕು. ನನಗೆ ಇದು ಮೈಗೂಡಲು ಎರಡು ವರ್ಷ ಹಿಡಿಯಿತು. ಅಲ್ಲಿ ಸೈಕಲ್ ತಳ್ಳಿಕೊಂಡು ಹತ್ತುವವರನ್ನು ಪ್ರತಿ ವಾರ ನೋಡುತ್ತೇನೆ, ಅದರಲ್ಲಿ ಅವಮಾನವೇನೂ ಇಲ್ಲ.

ಮೊಂತಾಲ್ಚಿನೊ ದಿನದ ಬಗ್ಗೆಯೂ ಹೇಳಬೇಕು. ದಾರಿಯಲ್ಲಿ ಸಿಗುವ ಬುವೊನ್ಕೊನ್ವೆಂತೊ 147 ಮೀಟರ್ ಎತ್ತರದಲ್ಲಿದೆ, ಮೊಂತಾಲ್ಚಿನೊ 564. ಆ ಒಂದು ಏರು ಮಾತ್ರ ನಿಮ್ಮ ನಂದಿಯ ಅಭ್ಯಾಸಕ್ಕೆ ಹೊಂದುತ್ತದೆ.

ಕೊನೆಯತಿರುವು

ಇಟಲಿಗೆ ಹೋಗಿ ಉತ್ತರದ ಆಲ್ಪ್ಸ್ ಪರ್ವತದಲ್ಲಿರುವ ಸ್ಟೆಲ್ವಿಯೊ ಘಾಟಿ ಹತ್ತದೆ ಬರುವುದೇ? ಪ್ರಾತೊ ಕಡೆಯಿಂದ 24 ಕಿ.ಮೀ., 48 ಹೇರ್‌ಪಿನ್ ತಿರುವು, ತುದಿಯಲ್ಲಿ 2,757 ಮೀಟರ್. ಒಂದೊಂದು ತಿರುವಿಗೂ ಸಂಖ್ಯೆ ಬರೆದಿದ್ದಾರೆ, ಎಣಿಸುತ್ತಾ ಹತ್ತುವ ಅನುಭವವೇ ಬೇರೆ. ಘಾಟಿ ಹತ್ತಿ ಅಭ್ಯಾಸವಿರುವ ಕನ್ನಡಿಗರಿಗೆ ಅದು ಹೇಳಿ ಮಾಡಿಸಿದ ಏರು. ಟಸ್ಕನಿಯ ದಿಬ್ಬಗಳನ್ನು ಕಾರಿನಲ್ಲಿ ಕೂತು ನೋಡಿದರೂ ಆಯಿತು. ಐದು ದಿನದಲ್ಲಿ ಎರಡನ್ನಾದರೂ ಉತ್ತರಕ್ಕೆ ಕೊಡಿ ಎಂದು ನನ್ನ ಬಲವಾದ ಸಲಹೆ.

ಆರ್ನೋದಂಡೆ

ಸ್ಟೆಲ್ವಿಯೊ ದೊಡ್ಡ ಏರು, ನಾನೂ ಹತ್ತಿದ್ದೇನೆ. ಆದರೆ ಮೇ ಮೊದಲ ವಾರ ಅಲ್ಲಿ ಹಿಮ ಇರುತ್ತದೆ, ರಸ್ತೆಯೇ ಮುಚ್ಚಿರುತ್ತದೆ. ಇನ್ನು ಕಾರಿನಲ್ಲಿ ಕೂತು ನೋಡುವ ಮಾತು ಮಾತ್ರ ಒಪ್ಪಲಾರೆ. ಈ ನೆಲದ ಏರಿಳಿತ ಕಾರಿನವರಿಗೆ ತಿಳಿಯುವುದೇ ಇಲ್ಲ, ಅವರಿಗೆ ಇದೆಲ್ಲ ಚಿತ್ರದ ಹಿನ್ನೆಲೆ. ಒಂದು ದ್ರಾಕ್ಷಿ ತೋಟಕ್ಕೂ ಪಕ್ಕದ ಆಲಿವ್ ತೋಟಕ್ಕೂ ನಡುವೆ ಮಣ್ಣಿನ ಬಣ್ಣ ಬದಲಾಗುವುದು ಗಂಟೆಗೆ ಹತ್ತು ಕಿ.ಮೀ. ವೇಗದಲ್ಲಿ ಹೋಗುವವನಿಗೆ ಮಾತ್ರ ಕಾಣುತ್ತದೆ.

ಚಾಮುಂಡಿಮೆಟ್ಟಿಲು

ಬಾಡಿಗೆ ಸೈಕಲ್ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಅಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಎರಡು ವರ್ಷದ ಹಿಂದೆ ಮೈಸೂರಿನಿಂದ ಹೋಗಿದ್ದಾಗ ಒಂದು ಅಂಗಡಿಯಲ್ಲಿ ಮೊದಲೇ ಕಾಯ್ದಿರಿಸಿದ್ದೆ. ಬೆಟ್ಟಕ್ಕೆ ಹೊಂದುವ ಗೇರ್ ಬೇಕೆಂದು ಬರೆದೂ ಇದ್ದೆ. ಹೋಗಿ ನೋಡಿದರೆ ಮುಂದೆ 36 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೆ 28 ಹಲ್ಲು. ಬೇರೆ ಸೈಕಲ್ ಇಲ್ಲ ಎಂದರು. ಹೊಸ ಊರು, ಭಾಷೆ ಬರದು, ತೆಗೆದುಕೊಂಡು ಹೊರಟೆ.

ಇದರಿಂದ ಏನಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸುತ್ತೇನೆ, ನಾನು ಕಲಿಸುವುದೂ ಇದನ್ನೇ. ಸವಾರ, ಸೈಕಲ್ ಸೇರಿ 80 ಕಿಲೋ ಇರಲಿ. ಏರು ಶೇ. 15 ಇರಲಿ. ಪೆಡಲ್ ನಿಮಿಷಕ್ಕೆ 60 ಸುತ್ತು ತಿರುಗಲಿ. 36ಕ್ಕೆ 28 ಇದ್ದರೆ ವೇಗ ಗಂಟೆಗೆ ಸುಮಾರು 9.7 ಕಿ.ಮೀ. ಆಗುತ್ತದೆ, ಅದಕ್ಕೆ ಕಾಲಿನಿಂದ 320 ವಾಟ್ ಬೇಕು. 34ಕ್ಕೆ 34 ಇದ್ದರೆ ವೇಗ 7.5, ಬೇಕಾಗುವುದು 250 ವಾಟ್. ನನ್ನಂಥವಳು 250 ವಾಟನ್ನು ನಾಲ್ಕೈದು ನಿಮಿಷ ಹಲ್ಲು ಕಚ್ಚಿ ಕೊಡಬಲ್ಲೆ, 320 ಎಂದರೆ ಒಂದು ನಿಮಿಷಕ್ಕೇ ಮುಗಿಯುತ್ತದೆ. ಆಗ ಪೆಡಲಿನ ಸುತ್ತು 40ಕ್ಕೆ ಇಳಿದು ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಎರಡನೆಯ ದಿನ ಸಂಜೆ ಮಂಡಿ ಊದಿಕೊಂಡು ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಆದ್ದರಿಂದ 34ಕ್ಕೆ 34 ಎಂದು ಸಂಖ್ಯೆಯಲ್ಲೇ ಬರೆದು ಕೇಳಿ, ಹಲ್ಲುಚಕ್ರದ ಚಿತ್ರ ತರಿಸಿಕೊಂಡ ಮೇಲೆಯೇ ಮುಂಗಡ ಕೊಡಿ.

25 ಮಿ.ಮೀ. ಟೈರು ಬೇಡವೇ ಬೇಡ. ವೃತ್ತಿಪರರೇ ಈಗ ಅಲ್ಲಿ 30ರ ಆಸುಪಾಸಿನ ಟೈರು ಹಾಕುತ್ತಾರೆ. ನಾನು ಬಿದ್ದದ್ದೂ ಇದೇ ಕಾರಣಕ್ಕೆ. ಬಿಳಿ ರಸ್ತೆಯಲ್ಲಿ ವಾಹನದ ಗಾಲಿ ಓಡಿ ಎರಡು ಗಟ್ಟಿ ಜಾಡು ಬಿದ್ದಿರುತ್ತವೆ, ನಡುವೆ ಸಡಿಲ ಜಲ್ಲಿ ದಿಣ್ಣೆಯಂತೆ ಸೇರಿಕೊಂಡಿರುತ್ತದೆ. ಇಳಿಜಾರಿನಲ್ಲಿ ಬಲಗಡೆಯ ಜಾಡು ತೊಗರಿಕಾಳು ಹರಡಿದಂತೆ ಕಂಡಿತು, ಎಡಗಡೆಯ ಜಾಡಿಗೆ ಹೋಗೋಣವೆಂದು ದಿಣ್ಣೆ ದಾಟಿದೆ. ಮುಂದಿನ ಟೈರು ಜಲ್ಲಿಯಲ್ಲಿ ಹೂತಿತು, ಗಾಬರಿಯಲ್ಲಿ ಮುಂದಿನ ಬ್ರೇಕನ್ನೇ ಒತ್ತಿದೆ. ಅಂಗೈ ಚರ್ಮ ಸುಲಿದುಹೋಯಿತು, ಗಾಯದೊಳಗೆ ಬಿಳಿ ಪುಡಿ.

ಆ ಹೊತ್ತಿಗೆ ಹಿಂದಿನಿಂದ ಗುಡುಗುಡು ಸದ್ದು. ನೋಡಿದರೆ ನಮ್ಮೂರಿನ ಆಪೆ ಗಾಡಿ! ಅದು ಹುಟ್ಟಿದ್ದೇ ಇಟಲಿಯಲ್ಲಲ್ಲವೇ. ಓಡಿಸುತ್ತಿದ್ದ ಅಜ್ಜನಿಗೆ ಎಂಬತ್ತಾದರೂ ಆಗಿರಬೇಕು. ಒಂದು ಮಾತೂ ಕೇಳದೆ ಇಳಿದು ಬಂದು, ಸೀಸೆಯ ನೀರಿನಿಂದ ನನ್ನ ಅಂಗೈ ತೊಳೆದು, ಒಂದೊಂದೇ ಹರಳನ್ನು ಉಗುರಿನಿಂದ ತೆಗೆದರು. ಸೈಕಲನ್ನು ಹಿಂದೆ ಆಲಿವ್ ಬಲೆಗಳ ಮೇಲೆ ಮಲಗಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿನ ಔಷಧಿ ಅಂಗಡಿಯವರೆಗೆ ಬಿಟ್ಟರು. ದುಡ್ಡು ಕೊಡಲು ಹೋದರೆ ಕೈ ಅಡ್ಡ ಹಿಡಿದರು. ಅಜ್ಜನ ಹೆಸರು ಕೇಳಿಕೊಳ್ಳಲಿಲ್ಲ ಎಂಬ ಕೊರಗು ಇನ್ನೂ ಇದೆ.

ಎರೆಹೊಲ

ನಾನು ಸೈಕಲ್ ಸವಾರನಲ್ಲ, ಧಾರವಾಡದಲ್ಲಿ ಮಣ್ಣು ಓದಿ, ಮಣ್ಣು ಕಲಿಸಿ ನಿವೃತ್ತನಾದವನು. ಮಗಳು ಸಿಯೆನಾದಲ್ಲಿ ಓದುತ್ತಿದ್ದಾಗ ಹದಿನೈದು ದಿನ ಅಲ್ಲಿದ್ದೆ. ಅಶಾನೊ ಕಡೆಯ ರಸ್ತೆಗಳ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕೆನಿಸಿತು.

ಕಿಯಾಂತಿಯ ಗುಡ್ಡಗಳಲ್ಲಿ ಕಲ್ಲು ಹೆಚ್ಚು. ಅಲ್ಬೆರೇಸೆ ಎಂಬ ಸುಣ್ಣದ ಕಲ್ಲು, ಗಲೆಸ್ತ್ರೊ ಎಂಬ ಪದರು ಪದರಾಗಿ ಒಡೆಯುವ ಕಲ್ಲು. ಅಲ್ಲಿ ಮಳೆ ಬಂದರೂ ನೀರು ಇಂಗುತ್ತದೆ. ಸಿಯೆನಾದ ಆಗ್ನೇಯಕ್ಕಿರುವ ಕ್ರೇತೆ ಸೆನೇಸಿಯ ಕಥೆ ಬೇರೆ. ಸುಮಾರು 25ರಿಂದ 45 ಲಕ್ಷ ವರ್ಷಗಳ ಹಿಂದೆ ಅದೆಲ್ಲ ಸಮುದ್ರದ ತಳವಾಗಿತ್ತು, ಅಲ್ಲಿ ಕೂತ ಜೇಡಿಯೇ ಈಗ ದಿಬ್ಬಗಳಾಗಿದೆ. ಬೋಳು ಗುಮ್ಮಟದಂಥ ಬಿಳಿ ದಿಬ್ಬಗಳನ್ನು ಬಿಯಾಂಕಾನೆ ಎನ್ನುತ್ತಾರೆ, ಮಣ್ಣಿನೊಳಗಿನ ಉಪ್ಪು ಮೇಲಕ್ಕೆ ಬಂದು ಬಿಳುಪಾಗುತ್ತದೆ. ಬಣ್ಣ ಬೇರೆಯಾದರೂ ಗುಣದಲ್ಲಿ ಅದು ನಮ್ಮ ಎರೆಮಣ್ಣಿನ ದಾಯಾದಿ. ಒಣಗಿದರೆ ಕಲ್ಲು, ನೆನೆದರೆ ಅಂಟು. ಮಳೆ ಬಿದ್ದ ಎರೆಹೊಲದಲ್ಲಿ ಚಕ್ಕಡಿ ಗಾಲಿಗೆ ಮಣ್ಣು ಮೆತ್ತಿ ಎತ್ತು ನಿಂತುಬಿಡುವುದನ್ನು ನಮ್ಮ ಕಡೆಯವರೆಲ್ಲ ಕಂಡಿದ್ದಾರೆ. ಸೈಕಲಿನಲ್ಲಿ ಟೈರಿಗೂ ಚೌಕಟ್ಟಿಗೂ ನಡುವೆ ಇರುವುದೇ ಬೆರಳಿನಷ್ಟು ಜಾಗ.

2010ರ ಜಿರೊ ಎಂಬ ಇಟಲಿ ಸುತ್ತುವ ಸೈಕಲ್ ಸ್ಪರ್ಧೆಯಲ್ಲಿ ಮೊಂತಾಲ್ಚಿನೊಗೆ ಹೋದ ದಿನ ಹೀಗೆಯೇ ಮಳೆ ಹೊಡೆದು, ಕೆಡಲ್ ಇವಾನ್ಸ್ ಗೆದ್ದು ಬಂದಾಗ ಅವರ ಮೈಮೇಲಿನ ಅಂಗಿಯ ಬಣ್ಣವೇ ಗುರುತಾಗದಷ್ಟು ಕೆಸರಿತ್ತು.

ಹೊರಡುವ ಮುನ್ನ ಹೀಗೆ ಮಾಡಿ. ರಸ್ತೆಯಂಚಿನ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯಿರಿ. ಶಾವಿಗೆಯ ಹಾಗೆ ಸಣ್ಣ ಎಳೆ ಬಂದು ಮುರಿಯದೆ ನಿಂತರೆ ಆ ದಿನ ಆ ಹಾದಿ ಬೇಡ. ಎಳೆ ಬರುವ ಮುಂಚೆಯೇ ಪುಡಿಪುಡಿಯಾದರೆ ನಿಶ್ಚಿಂತೆಯಿಂದ ಹೋಗಿ.

ತುಂಗಾತೀರ

ಎಲ್ಲರಿಗೂ ಕೈಮುಗಿಯುತ್ತೇನೆ. ಗೆಳೆಯರಿಗೆ ಇದನ್ನೆಲ್ಲ ಓದಿ ಹೇಳಿದೆ, 120 ಈಗ 75 ಆಗಿದೆ, ಒಬ್ಬನಿಗೆ ಮಾತ್ರ ಇನ್ನೂ ಬೇಸರ. ಮೇಡಂ, ಗೇರಿನ ಲೆಕ್ಕ ಬಹಳ ಉಪಕಾರವಾಯಿತು, 34ಕ್ಕೆ 34 ಎಂದು ಬರೆದು ಕೇಳಿದ್ದೇವೆ.

ಒಂದು ಕುತೂಹಲ. ಅಷ್ಟು ಶ್ರೀಮಂತ ನಾಡಿನಲ್ಲಿ ಈ ರಸ್ತೆಗಳಿಗೆ ಇಷ್ಟು ವರ್ಷ ಡಾಂಬರು ಏಕೆ ಬೀಳಲಿಲ್ಲ?

ಆರ್ನೋದಂಡೆ

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಗೇಣಿ ಪದ್ಧತಿಯಲ್ಲಿದೆ. ಇಲ್ಲಿ ಶತಮಾನಗಳ ಕಾಲ ಮೆದ್ಸಾದ್ರಿಯಾ ಎಂಬ ಪಾಲುಗಾರಿಕೆ ಇತ್ತು. ಬೆಳೆಯಲ್ಲಿ ಒಡೆಯನಿಗೆ ಅರ್ಧ, ಉಳುವವನಿಗೆ ಅರ್ಧ. ಪ್ರತಿ ಗೇಣಿದಾರ ಕುಟುಂಬವೂ ತಾನು ಉಳುವ ನೆಲದ ನಡುವೆ, ದಿಬ್ಬದ ಮೇಲಿನ ಒಂಟಿ ಕಲ್ಲುಮನೆಯಲ್ಲಿ ಇರುತ್ತಿತ್ತು. ಮನೆಯಿಂದ ಮನೆಗೆ, ಮನೆಯಿಂದ ಒಡೆಯನ ಕಣಜಕ್ಕೆ ಎತ್ತಿನ ಗಾಡಿ ಓಡಾಡಿದ ದಾರಿಗಳೇ ಈ ಬಿಳಿ ರಸ್ತೆಗಳು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜನ ಕಾರ್ಖಾನೆ ಕೆಲಸ ಹುಡುಕಿಕೊಂಡು ಪೇಟೆಗಳಿಗೆ ಹೋದರು, 1964ರಲ್ಲಿ ಕಾನೂನು ತಂದು ಹೊಸ ಗೇಣಿ ಕರಾರುಗಳನ್ನು ನಿಷೇಧಿಸಿದರು. ಮನೆಗಳು ಬೀಗ ಬಿದ್ದು ಪಾಳುಬಿದ್ದವು. ಬೇರೆ ಕಡೆ ರಸ್ತೆಗಳಿಗೆ ಡಾಂಬರು ಬೀಳುತ್ತಿದ್ದ ಕಾಲದಲ್ಲಿ ಇಲ್ಲಿ ಡಾಂಬರು ಕೇಳುವವರೇ ಉಳಿದಿರಲಿಲ್ಲ.

ಆಮೇಲೆ ದ್ರಾಕ್ಷಾರಸದ ದುಡ್ಡು ಬಂತು, ಹೊರಗಿನವರು ಪಾಳು ಮನೆಗಳನ್ನು ಕೊಂಡರು, ಡಾಂಬರೂ ಹಿಂದೆಯೇ ಬರತೊಡಗಿತು. ಆಗ ಗಾಯೊಲೆಯ ಜಾಂಕಾರ್ಲೊ ಬ್ರೊಚ್ಚಿ 1997ರಲ್ಲಿ ಹಳೆಯ ಸೈಕಲ್‌ಗಳ ಸವಾರಿಯೊಂದನ್ನು ಶುರು ಮಾಡಿದರು, ಹೆಸರು ಲೆರೊಯಿಕಾ. ಮೊದಲ ವರ್ಷ ಬಂದವರು 92 ಮಂದಿ. ಈಗ ಅಕ್ಟೋಬರ್ ಬಂತೆಂದರೆ ಸಾವಿರಾರು ಜನ ಬರುತ್ತಾರೆ. ಸೈಕಲ್ 1987ಕ್ಕಿಂತ ಹಿಂದಿನದಾಗಿರಬೇಕು, ಗೇರಿನ ಕಡ್ಡಿ ಚೌಕಟ್ಟಿನ ಕೆಳಕೊಳವೆಯ ಮೇಲೆಯೇ ಇರಬೇಕು, ಪೆಡಲಿಗೆ ಚರ್ಮದ ಪಟ್ಟಿ ಇರಬೇಕು. ದೊಡ್ಡ ಹಾದಿ 209 ಕಿ.ಮೀ., ಏರು 3,500 ಮೀಟರಿಗೂ ಹೆಚ್ಚು. ಬಿಳಿ ರಸ್ತೆಗಳನ್ನು ಉಳಿಸುವುದೇ ಬ್ರೊಚ್ಚಿಯವರ ಉದ್ದೇಶವಾಗಿತ್ತು, ಬಹುಮಟ್ಟಿಗೆ ಅದು ಈಡೇರಿತು. ಇದೇ ಸವಾರಿಯಿಂದ 2007ರಲ್ಲಿ ವೃತ್ತಿಪರರ ಸ್ಪರ್ಧೆ ಹುಟ್ಟಿತು, ಅದೇ ಇಂದಿನ ಸ್ಟ್ರಾದೆ ಬಿಯಾಂಕೆ. ಮಹಿಳೆಯರ ಸ್ಪರ್ಧೆ 2015ರಿಂದ ನಡೆಯುತ್ತಿದೆ. ಸ್ವಿಸ್ ಸವಾರ ಫಾಬಿಯನ್ ಕ್ಯಾಂಚೆಲ್ಲಾರ ಪುರುಷರ ಸ್ಪರ್ಧೆಯನ್ನು ಮೂರು ಸಲ ಗೆದ್ದದ್ದಕ್ಕೆ ಅಶಾನೊ ಹತ್ತಿರದ ಮೊಂತೆ ಸಾಂತೆ ಮರಿಯೆ ರಸ್ತೆಗೆ ಅವರ ಹೆಸರಿಟ್ಟು ಕಲ್ಲು ನೆಟ್ಟಿದ್ದಾರೆ. 11.5 ಕಿ.ಮೀ. ಉದ್ದದ ಆ ತುಂಡನ್ನು ನೀವು ತಪ್ಪಿಸಬೇಡಿ, ಎರೆಹೊಲ ಸರ್ ಹೇಳಿದ ಪರೀಕ್ಷೆ ಮಾಡಿಕೊಂಡೇ ಹೋಗಿ.

ಲೆರೊಯಿಕಾದಲ್ಲಿ ನಾನು ಒಮ್ಮೆ ಪಾಲ್ಗೊಂಡಿದ್ದೇನೆ. ಬೆಳಗಿನ ಐದು ಗಂಟೆಯ ಕತ್ತಲಲ್ಲಿ ಗಾಯೊಲೆಯಿಂದ ಹೊರಟು ಬ್ರೊಲಿಯೊ ಕೋಟೆಯ ಏರು ಹತ್ತುತ್ತೇವೆ. ಸೈಪ್ರೆಸ್ ಮರಗಳ ಸಾಲಿನ ಉದ್ದಕ್ಕೂ ನೆಲದ ಮೇಲೆ ದೀಪ ಹಚ್ಚಿಟ್ಟಿರುತ್ತಾರೆ. ಯಾರೂ ಮಾತನಾಡುವುದಿಲ್ಲ. ಜಲ್ಲಿಯ ಮೇಲೆ ನೂರಾರು ಟೈರುಗಳ ಚರಚರ ಸದ್ದು, ಹಳೆಯ ಚೈನುಗಳ ಕಿರುಗುಟ್ಟುವಿಕೆ, ಅಷ್ಟೆ. ನನಗೆ ನಮ್ಮೂರ ಲಕ್ಷದೀಪೋತ್ಸವ ನೆನಪಾಗಿ ಗಂಟಲು ಕಟ್ಟಿತು.

ಗಂಟೆಸೈಕಲ್

ಅಪ್ಪನ ಕಬ್ಬಿಣದ ಸೈಕಲನ್ನು ಇಂದಿಗೂ ಎಣ್ಣೆ ಹಾಕಿ ಇಟ್ಟುಕೊಂಡಿರುವ ನನಗೆ ಈ ಮಾತು ಕೇಳಿ ತುಂಬಾ ಆನಂದವಾಯಿತು. ಫ್ಲಾರೆನ್ಸ್‌ಗೆ ಹೋದರೆ ದಕ್ಷಿಣದಂಚಿನ ಪೊಂತೆ ಆ ಎಮಾ ಎಂಬಲ್ಲಿಗೆ ಹೋಗಿ ಬನ್ನಿ. ಜಿನೊ ಬಾರ್ತಾಲಿ 1914ರಲ್ಲಿ ಹುಟ್ಟಿದ ಊರು, ಅವರ ಹೆಸರಿನ ಸೈಕಲ್ ಸಂಗ್ರಹಾಲಯವೂ ಅಲ್ಲಿದೆ. ಟೂರ್ ದ ಫ್ರಾನ್ಸ್ ಅನ್ನು 1938ರಲ್ಲಿ ಗೆದ್ದು, ಹತ್ತು ವರ್ಷದ ಮೇಲೆ 1948ರಲ್ಲಿ ಮತ್ತೆ ಗೆದ್ದವರು. ಯುದ್ಧದ ಕಾಲದಲ್ಲಿ ಅಭ್ಯಾಸದ ನೆಪದಲ್ಲಿ ಫ್ಲಾರೆನ್ಸ್‌ನಿಂದ ಅಸಿಸಿಗೆ ಓಡಾಡುತ್ತ, ಯಹೂದಿಗಳ ಜೀವ ಉಳಿಸುವ ಸುಳ್ಳು ಗುರುತುಪತ್ರಗಳನ್ನು ಸೈಕಲ್ಲಿನ ಕೊಳವೆಯೊಳಗೆ ಸುರುಳಿ ಸುತ್ತಿ ಒಯ್ಯುತ್ತಿದ್ದರಂತೆ. 2013ರಲ್ಲಿ ಯಹೂದಿಗಳ ನರಮೇಧದ ನೆನಪಿಗೆಂದು ಇರುವ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವರಿಗೆ ಗೌರವ ಸಲ್ಲಿಸಿತು.

ಆರ್ನೋದಂಡೆ

ಅಸಿಸಿಯ ಓಡಾಟದ ವಿವರಗಳನ್ನು ಈಚೆಗೆ ಕೆಲವು ಇತಿಹಾಸಕಾರರು ಪ್ರಶ್ನಿಸಿದ್ದಾರೆ, ಇದನ್ನೂ ಹೇಳಿಬಿಡುವುದು ಒಳ್ಳೆಯದು. ಆದರೂ ಆ ಸಂಗ್ರಹಾಲಯ ನೋಡಲೇಬೇಕಾದ ಜಾಗ.

ತುಂಗಾತೀರ ಅವರೇ, ಹೊರಡುವ ಮುನ್ನ ಇನ್ನಷ್ಟು. ಹಳ್ಳಿಗಳ ದಿನಸಿ ಅಂಗಡಿಗಳು ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕಿದರೆ ತೆರೆಯುವುದು ಸಂಜೆಗೇ, ಹನ್ನೆರಡಕ್ಕೆ ಮೊದಲೇ ಊಟದ ಸಾಮಾನು ಕೊಂಡಿಟ್ಟುಕೊಳ್ಳಿ. ಊರಿನ ಚೌಕದ ನಲ್ಲಿಯ ಮೇಲೆ ‘ನೊನ್ ಪೊತಾಬಿಲೆ’ ಎಂದಿದ್ದರೆ ಆ ನೀರು ಕುಡಿಯಬೇಡಿ. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಬೆವರು ಸುರಿಸುವವರು ಉಪ್ಪನ್ನು ಬೇರೆಯಾಗಿ ತಿನ್ನಬೇಕು. ಸಸ್ಯಾಹಾರಿಗಳಿದ್ದರೆ ರಿಬೊಲ್ಲಿತಾ ಕೇಳಿ. ಕಪ್ಪೆಲೆ ಕೋಸು, ಬಿಳಿ ಅವರೆಯಂಥ ಕಾಳು, ಹಳೆಯ ಬ್ರೆಡ್ಡು ಹಾಕಿ ಕುದಿಸಿದ ಗಟ್ಟಿ ಸಾರು. ‘ಸೆನ್ಸಾ ಕಾರ್ನೆ’ ಎಂದು ಹೇಳಿ, ಮಾಂಸ ಇಲ್ಲದ್ದು ಎಂದರ್ಥ. ಕಾಲು ಸೋತರೆ ಪ್ರಾದೇಶಿಕ ರೈಲಿನಲ್ಲಿ ಸೈಕಲಿಗೂ ಟಿಕೆಟ್ ಕೊಂಡು ವಾಪಸಾಗಬಹುದು, ಅಶಾನೊದಿಂದಲೂ ರೈಲಿದೆ.

ತುಂಗಾತೀರ

ಬುವೊನ್ಕೊನ್ವೆಂತೊದ ಕಾಫಿ ಅಂಗಡಿಯಿಂದ ಬರೆಯುತ್ತಿದ್ದೇನೆ. ಇಂದು ಮೂರನೆಯ ದಿನ. ಮೊದಲ ದಿನ ಕಿಯಾಂತಿಯಲ್ಲಿ 71 ಕಿ.ಮೀ., ರಾದ್ದಾ ತಲುಪುವ ಹೊತ್ತಿಗೆ 120ರ ಮಾತು ಯಾರ ಬಾಯಲ್ಲೂ ಇರಲಿಲ್ಲ. ಬೇಸರಪಟ್ಟಿದ್ದ ಗೆಳೆಯನೇ ಮೊದಲು ಸೈಕಲಿನಿಂದಿಳಿದು, ಗೋಡೆಯ ನೆರಳಲ್ಲಿ ಮಲಗಿ, ಇವತ್ತಿಗೆ ಸಾಕು ಎಂದ. ನಿನ್ನೆ ಲೆ ತೋಲ್ಫೆಯಲ್ಲಿ ಇಬ್ಬರು ತುಳಿದೆವು, ಇಬ್ಬರು ತಳ್ಳಿದರು. ಸೀಟಿನ ತುದಿಗೆ ಸರಿಯುವ ಉಪಾಯ ನನ್ನ ಕೈಹಿಡಿಯಿತು ಅಣ್ಣ.

ಬೆಳಗಿನಿಂದ ಮಳೆ. ಮೊಂತಾಲ್ಚಿನೊಗೆ ಡಾಂಬರು ರಸ್ತೆಯಲ್ಲೇ ಹೋಗುತ್ತೇವೆ. ಎರೆಹೊಲ ಸರ್, ಅಶಾನೊ ಕಡೆಯಿಂದ ಬಂದ ಸವಾರರೊಬ್ಬರ ಸೈಕಲಿಗೆ ಮೆತ್ತಿದ್ದ ಮಣ್ಣನ್ನು ಕೇಳಿ ತೆಗೆದುಕೊಂಡು ಹೊಸೆದು ನೋಡಿದೆ. ಶಾವಿಗೆ ಬಂತು, ಗೇಣುದ್ದ. ನಾಡಿದ್ದರ ಹೊತ್ತಿಗೆ ಹದಕ್ಕೆ ಬಂದೀತೇ? ಬಿಸಿಲು ಬರುತ್ತದೆ ಎನ್ನುತ್ತಿದ್ದಾರೆ, ಗಾಳಿಯೂ ಇದೆ.

ಎರೆಹೊಲ

ಗಾಳಿ ಇದ್ದರೆ ಬಿಸಿಲಿಗಿಂತ ಬೇಗ ಆರುತ್ತದೆ. ಒಂದೂವರೆ ದಿನ ಕೊಡಿ. ನಾಡಿದ್ದು ಮಧ್ಯಾಹ್ನದ ಮೇಲೆ ಹೊರಡಿ, ದಿಬ್ಬದ ಉತ್ತರ ಮಗ್ಗುಲಿನ ನೆರಳು ಜಾಗಗಳಲ್ಲಿ ಇಳಿದು ನಡೆಯಿರಿ. ಆ ಕ್ಯಾಂಚೆಲ್ಲಾರ ಕಲ್ಲಿನ ಹತ್ತಿರ ನಿಂತು ತೆಗೆದ ಒಂದು ಚಿತ್ರ ಹಾಕಿ.